ಮೇದಸ್ಸಿನೊಳಗಣ ಕಿಚ್ಚು

ಮೈ ಬಂದವರಿಗೆ ಸಕ್ಕರೆ ಬೇನೆ; ಹೊಲದಲ್ಲಿ ದುಡಿಯುವ ತೆಳ್ಳನೆಯ ಮೈಗೆ ಅದರ ಭಯವಿಲ್ಲ ಎಂಬ ನಂಬಿಕೆ ಕೃಷ್ಣೆಯ ದಂಡೆಯ ಯಡೂರಿನಂಥ ಕಬ್ಬಿನ ಸೀಮೆಯಲ್ಲಿ ಇಂದಿಗೂ ಉಂಟು. ಇದು ಅರ್ಧ ಸತ್ಯ. ಉಳಿದರ್ಧವನ್ನು ಕಾಣಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು.

ಚರಕಸಂಹಿತೆಯು ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತರಲ್ಲಿ ಎಣಿಸುತ್ತದೆ; ಪ್ರಮೇಹಕ್ಕೂ ಮೇದಸ್ಸಿಗೂ ಇರುವ ನಂಟನ್ನು ಹೇಳುತ್ತದೆ. ಪ್ರಮೇಹಿಗಳಲ್ಲಿ ಸ್ಥೂಲನಾದವನೇ ಬೇರೆ, ಕೃಶನಾದವನೇ ಬೇರೆ ಎಂದು ವಿಂಗಡಿಸಿ, ಚಿಕಿತ್ಸೆಯನ್ನೂ ಬೇರೆಯಾಗಿ ವಿಧಿಸುತ್ತದೆ. ಹಾಗೆಂದು ಇಂದಿನ ಶೋಧಗಳೆಲ್ಲ ಅಲ್ಲಿಯೇ ಇದ್ದುವೆಂದು ಬೀಗುವುದು ಸಲ್ಲದು. ಹಿರಿಯರು ನಂಟನ್ನು ಕಂಡರು. ಅದರ ಒಳಗುಟ್ಟು ಅವರಿಗೆ ಎಟುಕುವಂತಿರಲಿಲ್ಲ.

1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆತಾಗ, ಮಧುಮೇಹವೆಂದರೆ ಇನ್ಸುಲಿನ್ನಿನ ಕೊರತೆಯೆಂದೇ ಲೋಕ ತಿಳಿಯಿತು. ಆದರೆ ಕೆಲವು ರೋಗಿಗಳ ದೇಹ ಇನ್ಸುಲಿನ್ನಿಗೆ ಮಣಿಯುವುದೇ ಇಲ್ಲವೆಂದು 1936ರಲ್ಲಿ ಇಂಗ್ಲೆಂಡಿನ ಹಿಮ್ಸ್‌ವರ್ತ್ ತೋರಿಸಿದನು. 1960ರಲ್ಲಿ ಯಾಲೋ ಮತ್ತು ಬರ್ಸನ್ ರಕ್ತದ ಇನ್ಸುಲಿನ್ನನ್ನು ಅಳೆದು ನೋಡಲು, ನಡುವಯಸ್ಸಿನಲ್ಲಿ ಬೇನೆ ಹತ್ತಿದ ಹಲವರಲ್ಲಿ ಅದು ಧಾರಾಳವಾಗಿಯೇ ಇತ್ತು. ಒಡೆಯನ ಕೂಗು ಜೋರಾಗಿತ್ತು. ಆಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಈ ಕಿವುಡಿಗೆ ಕಾರಣವೇನು? ಸುಳಿವು ಹಿಂದೆಯೇ ಸಿಕ್ಕಿತ್ತು. ಉರಿಯೂತವನ್ನು ತಗ್ಗಿಸುವ ಸ್ಯಾಲಿಸಿಲೇಟ್ ಎಂಬ ಔಷಧಿ ಮಧುಮೇಹಿಗಳ ಮೂತ್ರದ ಸಕ್ಕರೆಯನ್ನೂ ತಗ್ಗಿಸುವುದೆಂದು ಮ್ಯಾಂಚೆಸ್ಟರಿನ ವಿಲಿಯಮ್ಸನ್ 1901ರಲ್ಲಿಯೇ ಬರೆದಿದ್ದನು. ಅದರ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ. 1993ರಲ್ಲಿ ಹೋತಾಮಿಸ್ಲಿಗಿಲ್ ಮತ್ತು ಸಂಗಡಿಗರು, ಬೊಜ್ಜು ಬಂದ ಇಲಿಗಳ ಕೊಬ್ಬೇ ಟಿಎನ್‌ಎಫ್ ಎಂಬ ಉರಿಯೂತದ ದ್ರವ್ಯವನ್ನು ಸುರಿಸುವುದೆಂದು ಕಂಡರು. ಅದನ್ನು ತಡೆದಾಗ ಇನ್ಸುಲಿನ್ನಿನ ಮಾತು ನಡೆಯತೊಡಗಿತು. 2003ರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಅತಿಯಾಗಿ ತುಂಬಿದ ಕೊಬ್ಬಿನ ಕಣಗಳು ಬಸವಳಿದಾಗ, ರಕ್ಷಣೆಗೆಂದು ಭಕ್ಷಕ ಕಣಗಳು ಅಲ್ಲಿ ಬಂದು ಬೀಡುಬಿಡುತ್ತವೆ. ನೋವಿಲ್ಲದ, ಜ್ವರವಿಲ್ಲದ ಈ ಉರಿ ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಇದ್ದು, ಸ್ನಾಯು, ಯಕೃತ್ತುಗಳ ಕಿವಿಯನ್ನು ಮಂದಗೊಳಿಸುತ್ತದೆ. ಆದರೂ ಟಿಎನ್‌ಎಫ್ ಒಂದನ್ನೇ ತಡೆದು ನೋಡಿದಾಗ ಮನುಷ್ಯರಲ್ಲಿ ಇಲಿಗಳಷ್ಟು ಫಲ ಕಾಣಲಿಲ್ಲ. ಕಿಚ್ಚು ಒಂದು ಕಾರಣ. ಅದೇ ಎಲ್ಲವೂ ಅಲ್ಲ.

ಇನ್ನು ತೆಳ್ಳನೆಯ ಮೈಯ ಮಾತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟಿತ್ತು. ಆ ದಪ್ತರದ ಆಧಾರದಿಂದ ಐನೂರಕ್ಕೂ ಮೇಲ್ಪಟ್ಟ ನಡುವಯಸ್ಕರನ್ನು ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಗುಂಡಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಪುಣೆಯಲ್ಲಿ ಡಾ. ಯಾಜ್ಞಿಕರು ನೋಡಿದ ಕೂಸುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನವು 3.5 ಕಿಲೋ, ನಮ್ಮವು ಮಾಂಸದಲ್ಲಿ ಬಡವಾದರೂ ಕೊಬ್ಬಿನಲ್ಲಿ ಅಷ್ಟು ಬಡವಲ್ಲ! ಹೀಗೆ ಕೈಕಾಲು ಸಣ್ಣಗಿದ್ದೂ ಹೊಟ್ಟೆಯೊಳಗೆ ಮೇದಸ್ಸು ಕೂಡಿಕೊಳ್ಳುವುದು ನಮ್ಮ ಜನರಲ್ಲಿ ಹೆಚ್ಚು. ಕಿಚ್ಚು ಸುಲಭವಾಗಿ ಹೊತ್ತಿಕೊಳ್ಳುವುದೂ ಆ ಒಳಗಿನ ಕೊಬ್ಬಿಗೇ.

ಆದುದರಿಂದ ತಕ್ಕಡಿಯೊಂದನ್ನೇ ನಂಬಿ ಕುಳಿತುಕೊಳ್ಳಲಾಗದು. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿನ ಸೊಂಟದ ಸುತ್ತಳತೆಯೇ ಎಚ್ಚರಿಕೆಯ ಗೆರೆ. ಚರಕನ ಕಾಲದ ಕೃಶ ಪ್ರಮೇಹಿಯನ್ನು ಮರೆತ ನಾವು, ತೆಳ್ಳಗಿದ್ದೇವೆಂಬ ಧೈರ್ಯದಲ್ಲಿ ಪರೀಕ್ಷೆಯನ್ನು ಮುಂದೂಡುತ್ತಿದ್ದೇವೆ. ಅಳೆಯುವುದಕ್ಕೆ ಬೇಕಾದುದು ಒಂದು ಗೇಣು ನೂಲಲ್ಲ, ಒಂದು ಮೊಳಕ್ಕೆ ಮೊಳ ಕೂಡಿಸಿದ ದಾರ, ಅಷ್ಟೆ.