ಕಳಸ ಕಿತ್ತಾಗ ಏಳುವ ಕೇಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಗೆದ್ದವರ ಸುತ್ತ ಜನ ನೆರೆದು ಕೇಕೆ ಹಾಕುವ ರೂಢಿ ಶಾಲಾ ಕಾಲೇಜುಗಳ ಆಟದ ಬಯಲಿಗಿಂತ ಬಹಳ ಹಳೆಯದು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಈ ನೆಲದಲ್ಲಿ ಬೆಳೆಯನ್ನಷ್ಟೇ ನಂಬಿ ಬದುಕಲಾಗದು. ಕಾಡುಗೊಲ್ಲರು ಕುರಿ ಮೇಕೆಗಳನ್ನು, ಮ್ಯಾಸಬೇಡರು ದನಗಳನ್ನು ನೆಚ್ಚಿಕೊಂಡು ಬಾಳಿದರು. ಆದ್ದರಿಂದ ಇಲ್ಲಿಯ ಮೊದಲ ಗೆಲುವುಗಳೆಲ್ಲ ಮಂದೆಯನ್ನು ಉಳಿಸಿಕೊಂಡ ಗೆಲುವುಗಳು. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಮರಳಿ ತರಲು ಕಾದಾಡಿ ಮಡಿದವರ ವೀರಗಲ್ಲುಗಳು ಕನ್ನಡ ನಾಡಿನ ಉದ್ದಗಲಕ್ಕೂ ನಿಂತಿವೆ. ಹುಲಿಯೊಡನೆ ಸೆಣಸಿದ ಗಾದ್ರಿ ಪಾಲನಾಯಕನನ್ನು ಮ್ಯಾಸಬೇಡರು ಇಂದಿಗೂ ಹಾಡುತ್ತಾರೆ. ಸಾಹಸ ಮಾಡಿದವನು ಒಬ್ಬನೇ ಆದರೂ ಅದನ್ನು ಹೊತ್ತು ಮೆರೆಸಿದ್ದು ಇಡೀ ಕುಲ.

ಮ್ಯಾಸಬೇಡರ ದೇವರ ಎತ್ತುಗಳಲ್ಲಿ ಈ ಮನೋಧರ್ಮ ಚೆನ್ನಾಗಿ ಕಾಣುತ್ತದೆ. ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಕಿಲಾರಿಗಳು ಅವುಗಳ ಜೊತೆಯಲ್ಲೇ ಇದ್ದು, ಕಟ್ಟುನಿಟ್ಟಿನ ವ್ರತ ಹಿಡಿದು ಮೇಯಿಸುತ್ತಾರೆ. ಎತ್ತು ಸತ್ತರೆ ಮನುಷ್ಯರಿಗೆ ಮಾಡುವಂತೆಯೇ ಮಣ್ಣು ಮಾಡುತ್ತಾರೆ. ಹಬ್ಬದ ದಿನ ಎತ್ತುಗಳನ್ನು ಸಿಂಗರಿಸಿ, ಉರುಮೆಯ ಸದ್ದಿನ ನಡುವೆ ಕರೆತಂದಾಗ ಊರಿಗೆ ಊರೇ ಸೇರುತ್ತದೆ. ಇವರಂತೆಯೇ ದನಗಳನ್ನು ದೇವರೆಂದು ಸಾಕುವ ತಮಿಳುನಾಡಿನ ಕಂಬಳ ನಾಯಕರು ಕರೂರು, ತಿರುಚ್ಚಿ ಕಡೆ ಎತ್ತುಗಳ ಓಟವನ್ನೇ ನಡೆಸುತ್ತಾರೆ. ಅಲ್ಲಿ ಮೊದಲು ಗುರಿ ಮುಟ್ಟಿದ ಎತ್ತಿಗೆ ಸಿಗುವುದು ಅರಿಸಿನ ಮತ್ತು ನಿಂಬೆಹಣ್ಣು, ಅಷ್ಟೇ. ಅದನ್ನು ಪಡೆದ ಮಂದೆಯವರಿಗೆ ಅದಕ್ಕಿಂತ ದೊಡ್ಡ ಗೌರವ ಬೇರೆ ಬೇಕಿಲ್ಲ.

ಆದರೆ ನೋಡುವವರ ಉಸಿರು ಬಿಗಿಹಿಡಿಸಿ, ಮರುಕ್ಷಣವೇ ಕೇಕೆ ಎಬ್ಬಿಸುವ ಸಂದರ್ಭವೆಂದರೆ ಕಾಡುಗೊಲ್ಲರ ಕ್ಯಾತೆದೇವರ ಜಾತ್ರೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿಯ ವಸಲುದಿಬ್ಬದಲ್ಲಿ, ಜನವರಿಯ ಆಸುಪಾಸಿನಲ್ಲಿ ಇದು ನಡೆಯುತ್ತದೆ. ಕ್ಯಾತಪ್ಪನಿಗೆ ಕಲ್ಲು ಗಾರೆಯ ಗುಡಿಯಲ್ಲ, ಬಾರೆ ಮುಳ್ಳಿನ ಗುಡಿ. ಬಯಲಿನಿಂದ ಕಡಿದು ತಂದ ಮುಳ್ಳುಕಂಪೆಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿ, ಆಳಿಗಿಂತ ಎಷ್ಟೋ ಎತ್ತರಕ್ಕೆ ಗುಡಿ ಎಬ್ಬಿಸಿ, ತುದಿಯಲ್ಲಿ ಕಳಸ ಇಡುತ್ತಾರೆ. ಹಟ್ಟಿಯ ಸುತ್ತ ಮುಳ್ಳುಬೇಲಿ ಕಟ್ಟಿ ಮಂದೆ ಕಾಯುತ್ತಿದ್ದ ಜನ ತಮ್ಮ ದೇವರನ್ನೂ ಅದೇ ಮುಳ್ಳಿನೊಳಗೆ ಕೂರಿಸಿದ್ದು ಸಹಜವಾಗಿಯೇ ಇದೆ.

ಪೂಜೆ ಮುಗಿದ ಮೇಲೆ ಕಳಸ ಕೀಳುವ ಹೊತ್ತು ಬರುತ್ತದೆ. ವ್ರತ ಹಿಡಿದ ಗೊಲ್ಲರ ಯುವಕರು ಬರಿಗಾಲಲ್ಲಿ ಓಡಿಬಂದು ಮುಳ್ಳಿನ ಮೇಲೆ ಹಾರುತ್ತಾರೆ. ಬಾರೆಯ ಮುಳ್ಳು ಕೊಕ್ಕೆಯಂತೆ ಬಾಗಿರುತ್ತದೆ. ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ಕೈಗೆ ಸಿಕ್ಕಿದ ಕಂಪೆಯನ್ನೇ ಹಿಡಿದು, ಕಾಲಿಗೆ ಸಿಕ್ಕಿದ್ದನ್ನೇ ತುಳಿದು ಏರಬೇಕು. ಸುತ್ತ ನೆರೆದ ಸಾವಿರಾರು ಜನ ದೇವರ ಹೆಸರು ಕೂಗಿ ಹುರಿದುಂಬಿಸುತ್ತಾರೆ. ಕಳಸಕ್ಕೆ ಕೈ ತಾಗಿದೊಡನೆ ಕೇಕೆ, ಸಿಳ್ಳೆ, ವಾದ್ಯಗಳ ಸದ್ದು ಒಟ್ಟಿಗೇ ಮೊಳಗುತ್ತವೆ. ವ್ರತ ಕೆಡಿಸದವನಿಗೆ ಮುಳ್ಳು ನೋವು ಮಾಡುವುದಿಲ್ಲ ಎಂಬುದು ಭಕ್ತರ ನಂಬಿಕೆ. ಆ ನಂಬಿಕೆಯನ್ನು ಒಪ್ಪದವರೂ ಏರಿದವರ ಎದೆಗಾರಿಕೆಯನ್ನು ಒಪ್ಪಲೇಬೇಕು.

ಈ ಕೇಕೆಗೂ ಕ್ರೀಡಾಂಗಣದ ಕೇಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕ್ರೀಡಾಂಗಣದ ಆಟದಲ್ಲಿ ಒಬ್ಬರು ಕುಣಿಯುವಾಗ ಇನ್ನೊಬ್ಬರು ತಲೆ ತಗ್ಗಿಸಬೇಕು. ಕರ್ನಾಟಕ ಫುಟ್‌ಬಾಲ್ ತಂಡ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗಲೂ ಹೀಗೆಯೇ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಮೌನ. ವಸಲುದಿಬ್ಬದಲ್ಲಿ ಎದುರಾಳಿ ಮುಳ್ಳು ಮಾತ್ರ. ಹಾಗಾಗಿ ಅಲ್ಲಿ ಸೋತ ಮುಖ ಹೊತ್ತು ಮನೆಗೆ ಹೋಗುವ ಹಟ್ಟಿ ಇರುವುದಿಲ್ಲ.

ಶಾಲೆ ಕಾಲೇಜುಗಳು ಬಂದ ಮೇಲೆ ಈ ಸೀಮೆಯ ಹುಡುಗರಿಗೆ ಹೆಚ್ಚು ಹತ್ತಿರವಾದದ್ದು ಫುಟ್‌ಬಾಲ್ ಅಲ್ಲ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಕಬಡ್ಡಿಗೆ ಒಂದಿಷ್ಟು ಬಯಲು, ಎಳೆದ ನಾಲ್ಕು ಗೆರೆ ಇದ್ದರೆ ಸಾಕು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಗುಜರಾತನ್ನು 38-33ರಿಂದ ಸೋಲಿಸಿದಾಗ ಹಳ್ಳಿಯ ಆಟಕ್ಕೂ ದೊಡ್ಡ ಅಂಗಳ ಸಿಕ್ಕಿತೆಂದು ರಾಜ್ಯದ ಕಬಡ್ಡಿ ಪ್ರಿಯರು ಹೆಮ್ಮೆಪಟ್ಟರು.

ಕ್ರೀಡೆಯ ಗೆಲುವಿಗೆ ಅಂಕಿ ಅಂಶ, ಚಿತ್ರ, ವರದಿ ಎಲ್ಲವೂ ಉಳಿಯುತ್ತವೆ. ಕಳಸ ಕಿತ್ತವರ ಗೆಲುವು ಉಳಿದಿರುವುದು ಹೆಚ್ಚಾಗಿ ಹಿರಿಯರ ನೆನಪಿನಲ್ಲಿ ಮತ್ತು ಹಾಡುಗಳಲ್ಲಿ. ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಹಾಡುಗಳ ಕಣಜವಾಗಿದ್ದವರು. ಸಂಶೋಧಕರು ಬಂದು ಕೇಳಿ ಬರೆದುಕೊಂಡದ್ದರಿಂದ ಅವರ ಹಾಡುಗಳು ನಮಗೆ ದಕ್ಕಿವೆ. ಚಳ್ಳಕೆರೆ, ಮೊಳಕಾಲ್ಮುರಿನ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಜಾತ್ರೆಗೆ, ಹಟ್ಟಿಗಳಿಗೆ ಕಳಿಸಿ, ಯಾವ ಹಟ್ಟಿಯವರು ಯಾವ ವರ್ಷ ಮುಳ್ಳೇರಿದರು, ಜನ ಏನೆಂದು ಕೂಗಿದರು, ಏನು ಹಾಡಿದರು ಎಂಬುದನ್ನು ಬಲ್ಲವರು ಇರುವಾಗಲೇ ದಾಖಲಿಸಿಕೊಳ್ಳಬೇಕು.