ಉಳ್ಳದೋ, ಉಂಟುಮಾಡಿದ್ದೋ?
(ಪರ್ವತಗಳ ಕಪ್ಪು-ಬಿಳುಪು ಚಿತ್ರಗಳ ಚರಿತ್ರೆ)

ಪೊಸಡಿಗುಂಪೆಯ ನೆತ್ತಿಯಲ್ಲಿ ನಿಂತವರಿಗೆ ಪಡುವಣದಲ್ಲಿ ಕಡಲು, ಮೂಡಣದಲ್ಲಿ ಬೆಟ್ಟಗಳ ಸಾಲು ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ಕುದುರೆಮುಖದ ಕಡೆಯ ಶ್ರೇಣಿಯೂ ಗೋಚರಿಸುವುದುಂಟು. ಒಂದು ಭಾನುವಾರ ಬೆಳಿಗ್ಗೆ ಡಿಜಿಟಲ್ ಕ್ಯಾಮರಾ ಹಿಡಿದು ನಾನಲ್ಲಿಗೆ ಹೋಗಿದ್ದೆ. ತೆಗೆದ ಬಣ್ಣದ ಚಿತ್ರದಲ್ಲಿ ಹತ್ತಿರದ ಹುಲ್ಲು ಚೆನ್ನಾಗಿಯೇ ಬಂದಿತ್ತು. ದೂರದಲ್ಲಿ ಮಾತ್ರ ಬರಿಯ ನೀಲಿ ಮಬ್ಬು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಕೆಂಪಿನ ಪಾಲನ್ನು ಹೆಚ್ಚಿಸಿ ನೀಲಿಯ ಪಾಲನ್ನು ತಗ್ಗಿಸಿದೆ. ಮಬ್ಬಿನೊಳಗಿಂದ ಒಂದರ ಹಿಂದೆ ಒಂದಾಗಿ ಬೆಟ್ಟಗಳ ಅಂಚುಗಳು ಎದ್ದುಬಂದವು.

ಮರುದಿನ ಬ್ಯಾಂಕಿನಲ್ಲಿ ಅದನ್ನು ಮಲಯಾಳಿ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದ್ ಉಳ್ಳದೋ, ಉಂಡಾಕ್ಕಿಯದೋ?" ಎಂದು ಕೇಳಿದರು. ಇದು ಇದ್ದದ್ದೋ, ನೀವು ಮಾಡಿದ್ದೋ? ಕೂಡಲೇ ನನಗೆ ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕುತ್ತ ಪರ್ವತ ಛಾಯಾಗ್ರಹಣದ ಚರಿತ್ರೆಯನ್ನು ಓದತೊಡಗಿದೆ. ಆ ಓದಿನ ಫಲವೇ ಈ ಬರಹ.

ಮೊದಲ ಪರ್ವತಚಿತ್ರಕಾರರಿಗೆ ಕಪ್ಪು-ಬಿಳುಪು ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು. 1863ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೋರ್ನ್ 1866ರೊಳಗೆ ಮೂರು ಬಾರಿ ಹಿಮಾಲಯದೊಳಗೆ ಸಂಚರಿಸಿದನು. ಆಗಿನದು ಒದ್ದೆ ಗಾಜಿನ ಪದ್ಧತಿ. ಗಾಜಿಗೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲಿಯೇ ಕತ್ತಲೆಯ ಗುಡಾರದೊಳಗೆ ತೊಳೆದು ಮುಗಿಸಬೇಕಿತ್ತು. ಗಾಜು, ಸೀಸೆ, ಗುಡಾರಗಳೆಲ್ಲವೂ ಹತ್ತಾರು ಕೂಲಿಗಳ ಬೆನ್ನೇರಿ ಹೋದವು. ಹೀಗೆ 18,000 ಅಡಿಗೂ ಮಿಕ್ಕಿ ಎತ್ತರವಿರುವ ಮಾಣಿರಂಗ್ ಕಣಿವೆಯಲ್ಲಿ ಅವನು ಚಿತ್ರ ತೆಗೆದನು. ಆ ಕೂಲಿಗಳ ಹೆಸರುಗಳನ್ನು ನಾವು ಅರಿಯೆವು. ಚಿತ್ರಗಳ ಕೆಳಗೆ ಇರುವುದು ಬೋರ್ನನ ಹೆಸರು ಮಾತ್ರ.

ಆ ಗಾಜಿಗೆ ಒಂದು ದೋಷವಿತ್ತು. ಅದು ನೀಲಿ ಬೆಳಕಿಗೆ ಬಹು ಬೇಗ ಸ್ಪಂದಿಸುತ್ತಿತ್ತು, ಕೆಂಪಿಗೆ ಕುರುಡಾಗಿತ್ತು. ಹಾಗಾಗಿ ನೀಲಾಕಾಶವು ಚಿತ್ರದಲ್ಲಿ ಬರಿಯ ಬಿಳಿಯಾಗಿ ಬರುತ್ತಿತ್ತು. ಬಿಳಿಯ ಆಕಾಶದ ಮುಂದೆ ಬಿಳಿಯ ಹಿಮಶಿಖರ! ಪರ್ವತಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ತೊಡಕು ಯಾವುದು? ಕೆಲವರು ಮೋಡಗಳನ್ನು ಬೇರೊಂದು ಗಾಜಿನಲ್ಲಿ ತೆಗೆದು, ಅಚ್ಚು ಹಾಕುವಾಗ ಕೂಡಿಸುತ್ತಿದ್ದರು. ಫ್ರಾನ್ಸಿನ ಗುಸ್ತಾವ್ ಲ ಗ್ರೆ 1850ರ ದಶಕದಲ್ಲಿಯೇ ತನ್ನ ಕಡಲಿನ ಚಿತ್ರಗಳಿಗೆ ಹೀಗೆ ಆಕಾಶವನ್ನು ಜೋಡಿಸಿದ್ದನು. ಎಂದರೆ "ಉಂಟುಮಾಡುವುದು" ಕಂಪ್ಯೂಟರ್ ತಂದ ಪಾಪವಲ್ಲ. ಅದು ಛಾಯಾಗ್ರಹಣದಷ್ಟೇ ಹಳತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಲೇಟುಗಳು ಮಾರುಕಟ್ಟೆಗೆ ಬಂದವು. ಅವು ಬಂದ ಮೇಲೆ ಬಣ್ಣದ ಗಾಜಿನ ಫಿಲ್ಟರುಗಳಿಗೆ ಅರ್ಥ ಬಂತು. ಇದರ ಪೂರ್ಣ ಪ್ರಯೋಜನವನ್ನು ಕಂಡುಕೊಂಡವರು ಅಮೆರಿಕದ ಆನ್ಸೆಲ್ ಆಡಮ್ಸ್ (1902–1984). 1927ರ ಏಪ್ರಿಲ್ 10ರಂದು ಅವರು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರು ನಿಂತಿದ್ದರು. ಉಳಿದಿದ್ದುದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಕೂಡಲೇ, ತನ್ನ ಮನಸ್ಸು ಕಂಡ ಗಾಂಭೀರ್ಯ ಅದರಲ್ಲಿ ಬಾರದೆಂದು ಅವರಿಗೆ ಹೊಳೆಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿಯನ್ನು ತಡೆಯುತ್ತದೆ. ಆದುದರಿಂದ ಆಕಾಶ ಕಪ್ಪಾಯಿತು, ಬಂಡೆ ಬೆಳಗಿತು. ಆ ಒಂದು ಚಿತ್ರದಿಂದ ಅವರ ಮುಂದಿನ ದಾರಿ ನಿಶ್ಚಯವಾಯಿತು.

ಆ ದಿನ ಯೊಸೆಮಿಟಿಯ ಆಕಾಶ ಕಪ್ಪಾಗಿತ್ತೇ? ಇರಲಿಲ್ಲ. ಹಾಗಾದರೆ ಚಿತ್ರ ಸುಳ್ಳೇ? ಪಿಯಾನೋ ಕಲಿತಿದ್ದ ಆಡಮ್ಸರು ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಪ್ರಿಂಟನ್ನು ಅದರ ವಾದನಕ್ಕೂ ಹೋಲಿಸಿದ್ದರು. ಬೆಳಕು ಬರೆದುದನ್ನು ಗಾಢಗೊಳಿಸುವುದು ವಾದಕನ ಹಕ್ಕು. ಆದರೆ ಅವರೂ ಒಂದೆಡೆ ಈ ಗೆರೆ ದಾಟಿದರು. 1944ರಲ್ಲಿ ಲೋನ್ ಪೈನ್ ಎಂಬ ಊರಿನಿಂದ ಸಿಯೆರಾ ನೆವಾಡಾ ಶ್ರೇಣಿಯ ಸೂರ್ಯೋದಯವನ್ನು ತೆಗೆದರಷ್ಟೆ. ಅದರೊಳಗಿನ ಗುಡ್ಡದ ಮೇಲೆ ಊರಿನ ಶಾಲೆಯ ಮಕ್ಕಳು ಬಿಳಿ ಕಲ್ಲುಗಳಿಂದ ಬರೆದಿದ್ದ ತಮ್ಮ ಊರ ಹೆಸರಿನ ಎರಡು ಅಕ್ಷರಗಳಿದ್ದವು. ಆಡಮ್ಸರು ಅವನ್ನು ಚಿತ್ರದಿಂದ ಅಳಿಸಿಬಿಟ್ಟರು. ಅಳಿಸಿದೆನೆಂದು ತಾವೇ ಬರೆದುಕೊಂಡರು ಎಂಬುದು ಅವರ ದೊಡ್ಡತನ. ಆದರೂ ಗಡಿನಾಡಿನವನಾದ ನನಗೆ ಇದನ್ನು ಓದುವಾಗ ಸ್ವಲ್ಪ ಕಸಿವಿಸಿಯಾಯಿತು. ಅಳಿಸಿಹೋದ ಅಕ್ಷರಗಳ ವಿಷಯದಲ್ಲಿ ನಮ್ಮ ಮನಸ್ಸು ಬೇಗ ನೋಯುತ್ತದೆ.

ಇನ್ನು ಡಿಜಿಟಲ್ ಕ್ಯಾಮರಾದ ಮಾತು. 1975ರಲ್ಲಿ ಕೊಡಾಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮರಾ ತೆಗೆದುದು ಕಪ್ಪು-ಬಿಳುಪು ಚಿತ್ರವನ್ನೇ. ಅದರ ಚಿತ್ರದಲ್ಲಿದ್ದುದು 10,000 ಬಿಂದುಗಳು. ಅದನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಬೇಕಾಗುತ್ತಿತ್ತು. ಇಂದಿನ ಕ್ಯಾಮರಾದ ಸೆನ್ಸರ್ ಕೂಡ ಮೂಲತಃ ಬಣ್ಣ ಅರಿಯದ್ದು. ಅದು ಅಳೆಯುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಅದೇ ಕಂಪೆನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿಧಾನದಂತೆ ಬಿಂದುಗಳ ಮೇಲೆ ಸಣ್ಣ ಸಣ್ಣ ಫಿಲ್ಟರುಗಳನ್ನು ಕೂಡಿಸುತ್ತಾರೆ: ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಬಣ್ಣವೆಂಬುದು ಅವುಗಳಿಂದ ಲೆಕ್ಕ ಹಾಕಿ ಪಡೆದದ್ದು! 2012ರಲ್ಲಿ ಜರ್ಮನಿಯ ಲೈಕಾ ಕಂಪೆನಿಯು ಈ ಫಿಲ್ಟರುಗಳನ್ನೇ ತೆಗೆದು ಕಪ್ಪು-ಬಿಳುಪಿಗಾಗಿಯೇ ಒಂದು ಕ್ಯಾಮರಾ ಹೊರತಂದಿತು. ಬೋರ್ನನಿಗೆ ಅನಿವಾರ್ಯವಾಗಿದ್ದುದನ್ನು ಜನ ಹೆಚ್ಚು ಹಣ ಕೊಟ್ಟು ಕೊಳ್ಳುವ ಕಾಲ ಬಂತು.

ನನ್ನ ಪೊಸಡಿಗುಂಪೆಯ ಚಿತ್ರದ ಗುಟ್ಟೂ ಇಲ್ಲಿದೆ. ಗಾಳಿಯಲ್ಲಿ ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ಚದರುತ್ತದೆ. ದೂರದ ಬೆಟ್ಟ ನೀಲಿಯಾಗಿ ಮಸುಕಾಗುವುದು ಅದರಿಂದಲೇ. ಕೆಂಪು ಬೆಳಕು ಆ ತೆಳು ಮಬ್ಬನ್ನು ಹೆಚ್ಚು ದಾಟಿ ಬರುತ್ತದೆ. ನಾನು ಕಂಪ್ಯೂಟರಿನಲ್ಲಿ ಮಾಡಿದುದು 1927ರ ಕೆಂಪು ಗಾಜಿನ ಕೆಲಸವನ್ನೇ. ಬೆಟ್ಟಗಳು ಅಲ್ಲಿದ್ದವು, ಅವುಗಳ ಬೆಳಕೂ ಕ್ಯಾಮರಾದೊಳಗೆ ಬಂದಿತ್ತು. ನೀಲಿಯ ಪರದೆಯನ್ನು ಸರಿಸಿದ್ದಷ್ಟೇ ನಾನು.

ಆದರೆ ಚಿತ್ರದ ಸತ್ಯ ಇಷ್ಟಕ್ಕೇ ಮುಗಿಯುವುದಿಲ್ಲ. 1921ರ ಎವರೆಸ್ಟ್ ಅನ್ವೇಷಣೆಯಲ್ಲಿ ಜಾರ್ಜ್ ಮ್ಯಾಲರಿ ಪ್ಲೇಟುಗಳನ್ನು ತಿರುಗುಮುರುಗಾಗಿ ತುಂಬಿಸಿ ಕೆಲವು ಚಿತ್ರಗಳನ್ನು ಕಳೆದುಕೊಂಡು, ಮತ್ತೆ ತೆಗೆಯಬೇಕಾಯಿತು. ಅವನೇನೂ ನುರಿತ ಛಾಯಾಗ್ರಾಹಕನಲ್ಲ. ಆದರೂ ರೊಂಗ್‌ಬುಕ್ ಹಿಮನದಿಯನ್ನು ಅವನು ತೆಗೆದ ಚಿತ್ರವನ್ನು ಹಿಡಿದುಕೊಂಡು 2007ರಲ್ಲಿ ಡೇವಿಡ್ ಬ್ರೆಷಿಯರ್ಸ್ ಅದೇ ಜಾಗ ಹುಡುಕಿ ನಿಂತರು. ಎರಡನ್ನೂ ಹೋಲಿಸಿದಾಗ ಹಿಮದ ಮಟ್ಟ ಸುಮಾರು 300 ಅಡಿ ಕುಸಿದದ್ದು ಬೆಳಕಿಗೆ ಬಂತು. ಮ್ಯಾಲರಿಯ ಚಿತ್ರ ಸಾಕ್ಷಿಯಾದುದು ಅದರ ಅಂದದಿಂದಲ್ಲ. ಎಲ್ಲಿ, ಯಾವಾಗ ತೆಗೆದುದೆಂದು ತಿಳಿದಿತ್ತು, ಮತ್ತು ಅದನ್ನು ಕಾಪಿಟ್ಟವರಿದ್ದರು.

ಬ್ಯಾಂಕಿನಲ್ಲಿ ಲೆಡ್ಜರಿನ ಬರಹ ಎಷ್ಟು ಮುದ್ದಾಗಿದ್ದರೂ ವೋಚರ್ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಡಿಜಿಟಲ್ ಚಿತ್ರಕ್ಕೆ ಕ್ಯಾಮರಾ ಕೊಟ್ಟ ಮೂಲ ಕಡತವೇ ವೋಚರು. ನಾನಾದರೋ ಈ ಮಾತನ್ನು ತಡವಾಗಿ ಕಲಿತೆ. ಹಾರ್ಡ್ ಡಿಸ್ಕ್ ಒಮ್ಮೆ ಕೆಟ್ಟು ನಾಲ್ಕು ವರ್ಷಗಳ ಚಿತ್ರಗಳು ಹೋದವು. ಹೆದ್ದಾರಿಯ ಅಗಲೀಕರಣಕ್ಕೆ ಕಡಿಯುವ ಮೊದಲು ನಾನು ತೆಗೆದಿದ್ದ ಒಂದು ಗುಡ್ಡೆಯ ಚಿತ್ರವೂ ಅವುಗಳಲ್ಲಿತ್ತು. ಗುಡ್ಡೆಯೂ ಇಲ್ಲ, ಚಿತ್ರವೂ ಇಲ್ಲ. ಆದರೆ ನನ್ನ ತಂದೆ-ತಾಯಿ ಮದುವೆಯ ಮರುವಾರ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು-ಬಿಳುಪು ಪಟ, ಹಿಂದೆ ತಾರೀಕು ಬರೆದದ್ದು, ಇಂದಿಗೂ ಗೋಡೆಯ ಮೇಲಿದೆ.

ನಮ್ಮ ಗುಡ್ಡೆಗಳು ಮುರಕಲ್ಲಿನ ಕೋರೆಗಳಿಗೂ ರಸ್ತೆಗಳಿಗೂ ದಿನೇ ದಿನೇ ಸವೆಯುತ್ತಿವೆ. ಅವುಗಳ ಕನ್ನಡ, ತುಳು ಹೆಸರುಗಳೂ ಜೊತೆಗೆ ಸವೆಯುತ್ತಿವೆ. ಕಿಸೆಯಲ್ಲೊಂದು ಕ್ಯಾಮರಾ ಇಲ್ಲದ ಮನೆ ಇಂದು ವಿರಳ. ಮನೆಯೆದುರಿನ ಗುಡ್ಡೆಯನ್ನು ವರ್ಷಕ್ಕೊಮ್ಮೆ ಅದೇ ಕಟ್ಟೆಯಲ್ಲಿ ನಿಂತು ತೆಗೆಯಿರಿ. ಒಂದು ಪ್ರತಿಯನ್ನು ಕಾಗದದ ಮೇಲೆ ಇಳಿಸಿ, ಹಿಂದೆ ಊರು, ತಾರೀಕು ಮತ್ತು ಗುಡ್ಡೆಯ ಹೆಸರನ್ನು ಬರೆದಿಡಿ.

ಸಹೋದ್ಯೋಗಿಗೆ ಕೊನೆಗೆ ನಾನು ಹೇಳಿದ್ದಿಷ್ಟು: "ಉಳ್ಳದೇ. ಕಾಣುವ ಹಾಗೆ ಮಾಡಿದ್ದು ಮಾತ್ರ ನಾನು." ಅವರು ನಕ್ಕು, ತಮ್ಮ ಊರಿನ ಗುಡ್ಡೆಯೊಂದನ್ನು ಕಡಿಯುವ ಮೊದಲು ತೆಗೆಯಬೇಕೆಂದು ಕರೆದರು. ಬರುವ ಭಾನುವಾರ ನಾವಿಬ್ಬರೂ ಅಲ್ಲಿಗೆ ಹೋಗುವವರಿದ್ದೇವೆ.