ಬಯೋಡೀಸೆಲ್ ತೊಳೆದ ಬಗೆ: ನೀರಿನಿಂದ ಹೊಟ್ಟಿನ ಬೂದಿಯವರೆಗೆ

ಸಸ್ಯದ ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಬೆರೆಸಿ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಲಕಿ ಇಟ್ಟರೆ ಎರಡು ಪದರಗಳು ಮೂಡುತ್ತವೆ. ಮೇಲಿನ ತೆಳು ದ್ರವ ಬಯೋಡೀಸೆಲ್, ತಳದಲ್ಲಿ ಕೂರುವ ಕಂದು ಮಂದದ್ರವ ಗ್ಲಿಸರಿನ್. ಗ್ಲಿಸರಿನ್ ಬಸಿದ ಮೇಲೂ ಬಯೋಡೀಸೆಲ್‌ನಲ್ಲಿ ಸಾಬೂನು, ಮೆಥನಾಲ್, ಕ್ಷಾರ, ಗ್ಲಿಸರಿನ್ನಿನ ಶೇಷ ಉಳಿದಿರುತ್ತವೆ. ಸಾಬೂನಿನಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಗ್ಲಿಸರಿನ್ ಟ್ಯಾಂಕಿನ ತಳಕ್ಕಿಳಿದು ಇಂಜೆಕ್ಟರಿಗೆ ಹತ್ತಿಕೊಳ್ಳುತ್ತದೆ.

ಈ ಕ್ರಿಯೆಯ ಇತಿಹಾಸದಲ್ಲಿ ಕಸ ಯಾವುದು, ಸರಕು ಯಾವುದು ಎಂಬುದೇ ಅದಲುಬದಲಾಗಿದೆ. 1937ರಲ್ಲಿ ಬೆಲ್ಜಿಯಂನ ಶಾವನ್ ಎಂಬಾತ ತಾಳೆ ಎಣ್ಣೆಯ ಎಸ್ಟರನ್ನು ಇಂಧನವಾಗಿ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುವರ್ಷ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ಅದೇ ಇಂಧನದಲ್ಲಿ ಬಸ್ಸು ಓಡಿತು. ಆದರೆ 1940ರ ದಶಕದಲ್ಲಿ ಅಮೆರಿಕದ ಕಂಪನಿಗಳು ಇದೇ ಕ್ರಿಯೆಯ ಮೇಲೆ ಪೇಟೆಂಟುಗಳನ್ನು ಪಡೆದದ್ದು ಸಾಬೂನು ಮತ್ತು ಗ್ಲಿಸರಿನ್‌ಗಾಗಿ. ಸ್ಫೋಟಕಗಳಿಗೆ ಗ್ಲಿಸರಿನ್ ಬೇಕಾಗಿದ್ದ ಕಾಲ ಅದು. ಇಂಧನದತ್ತ ಮತ್ತೆ ಗಮನ ಹರಿದದ್ದು 1970ರ ದಶಕದ ತೈಲ ಬಿಕ್ಕಟ್ಟಿನ ನಂತರ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ಆಸ್ಟ್ರಿಯಾಗಳಲ್ಲಿ.

ಇಂಧನದಲ್ಲಿ ಉಳಿಯುವ ಶೇಷಗಳನ್ನು ತೆಗೆಯಲು ಆಗ ಬಳಕೆಗೆ ಬಂದ ಸುಲಭದ ಉಪಾಯವೆಂದರೆ ನೀರಿನಲ್ಲಿ ತೊಳೆಯುವುದು. ಟ್ಯಾಂಕಿನ ಮೇಲಿಂದ ಬೆಚ್ಚಗಿನ ನೀರನ್ನು ಸಣ್ಣ ಹನಿಯಾಗಿ ಸಿಂಪಡಿಸುತ್ತಾರೆ. ಇಂಧನದ ನಡುವೆ ಇಳಿಯುವ ಹನಿಗಳು ಸಾಬೂನನ್ನೂ ಕ್ಷಾರವನ್ನೂ ಹೊತ್ತು ತಳ ಸೇರುತ್ತವೆ. ಮೊದಲ ಸಲ ಬಸಿದ ನೀರು ಹಾಲಿನಂತೆ ಬೆಳ್ಳಗಿರುತ್ತದೆ. ಅದು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಅವಸರಪಟ್ಟು ಜೋರಾಗಿ ಕಲಕಿದರೆ ನಡುವೆ ಮೊಸರಿನಂಥ ಪದರ ಕಟ್ಟಿ ಗಂಟೆಗಟ್ಟಲೆ ಬಿಡುವುದಿಲ್ಲ. ತೊಳೆದಾದ ಮೇಲೆ ಇಂಧನದಲ್ಲಿ ಉಳಿದ ತೇವವನ್ನು ಕಾಯಿಸಿ ಓಡಿಸಬೇಕು. ಸಾಬೂನು, ಮೆಥನಾಲ್ ಬೆರೆತ ಕೊಳಚೆಯನ್ನು ಹಾಗೇ ಚರಂಡಿಗೆ ಬಿಡುವಂತಿಲ್ಲ. ಸಣ್ಣ ಘಟಕಗಳಿಗೆ ಭಾರವಾದದ್ದು ಈ ಖರ್ಚೇ.

ಗುಣಮಟ್ಟದ ಕಟ್ಟಳೆಗಳು ಬಂದಾಗ ಅರೆಬರೆ ಶುದ್ಧಿಗೆ ಅವಕಾಶ ಉಳಿಯಲಿಲ್ಲ. ಯುರೋಪಿನ ಇಎನ್ 14214 (2003), ಭಾರತದ ಐಎಸ್ 15607 (2005) ಎರಡೂ ಬಿಡಿ ಗ್ಲಿಸರಿನ್ ತೂಕದಲ್ಲಿ ಶೇ 0.02 ಮೀರಕೂಡದೆಂದು ಹೇಳುತ್ತವೆ. ನೀರಿಲ್ಲದ ‘ಒಣ ತೊಳೆತ’ ಬೆಳೆದದ್ದು ಈ ಹಿನ್ನೆಲೆಯಲ್ಲಿ. ಮೆಗ್ನೀಸಿಯಂ ಸಿಲಿಕೇಟ್ ಪುಡಿಯಾದ ಮ್ಯಾಗ್ನೆಸಾಲ್ ಮತ್ತು ಅಯಾನು ವಿನಿಮಯ ರಾಳಗಳು ಮಾರುಕಟ್ಟೆಗೆ ಬಂದವು. ಕೆಲಸ ಚೆನ್ನಾಗಿಯೇ ಆಯಿತು, ಬೆಲೆ ಮಾತ್ರ ಮನೆಯಂಗಳದಲ್ಲಿ ಕರಿದೆಣ್ಣೆಯಿಂದ ಇಂಧನ ತಯಾರಿಸುವವರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಅವರು ಪೈಪಿಗೆ ಮರದ ಹೊಟ್ಟು ತುಂಬಿ ಅದರ ಮೂಲಕ ಬಯೋಡೀಸೆಲ್ ಹರಿಸಿದರು. ಸೆಲ್ಯುಲೋಸಿನ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ಗ್ಲಿಸರಿನ್ನನ್ನು ಹಿಡಿದುಕೊಳ್ಳುತ್ತವೆ, ಸಾಬೂನು ನಾರಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ನಿಯಮವಿತ್ತು: ಮೆಥನಾಲ್ ಮೊದಲೇ ಆವಿಯಾಗಿ ಹೋಗಿರಬೇಕು. ಅದು ಇರುವ ತನಕ ಸಾಬೂನು ಇಂಧನದಲ್ಲಿ ಕರಗಿಯೇ ಇರುತ್ತದೆ.

ಪ್ರಯೋಗಾಲಯಗಳು ಈ ದಾರಿಯನ್ನು ಮುಂದುವರಿಸಿದವು. ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ರಾಜ್ಯ ರಿಯೊ ಗ್ರಾಂಡೆ ಡೊ ಸುಲ್. ಅಲ್ಲಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರಿದೆಣ್ಣೆಯ ಬಯೋಡೀಸೆಲ್‌ಗೆ ಶೇ 4ರಷ್ಟು ಭತ್ತದ ಹೊಟ್ಟಿನ ಬೂದಿ ಬೆರೆಸಿದಾಗ ಸಿಕ್ಕ ಫಲಿತಾಂಶ ಮ್ಯಾಗ್ನೆಸಾಲ್‌ಗೆ ಸಮನಾಗಿತ್ತು. 2015ರಲ್ಲಿ ಅದೇ ದೇಶದ ಇನ್ನೊಂದು ತಂಡ ಆಲೂಗಡ್ಡೆ, ಮರಗೆಣಸು, ಜೋಳ, ಅಕ್ಕಿಗಳ ಪಿಷ್ಟವನ್ನು ಪರೀಕ್ಷಿಸಿತು. ಪಿಷ್ಟವೂ ಕೆಲಸ ಮಾಡಿತು. ಆದರೆ ತಿನ್ನುವ ಪದಾರ್ಥವನ್ನು ಇಂಧನ ಸೋಸಲು ಸುರಿಯುವುದಕ್ಕಿಂತ ಬೂದಿಯೇ ವಾಸಿ.

ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ. ಸುಮಾರು 600–700 ಡಿಗ್ರಿಯಲ್ಲಿ ಸುಟ್ಟರೆ ಅದು ಸ್ಫಟಿಕವಾಗದೆ, ಸೂಕ್ಷ್ಮ ರಂಧ್ರಗಳಿಂದ ತುಂಬಿರುತ್ತದೆ. ಹೆಚ್ಚು ಕಾವು ತಗುಲಿದರೆ ಸ್ಫಟಿಕವಾಗಿ ಹೀರುವ ಗುಣ ಕುಗ್ಗುತ್ತದೆ. ಹಾಗಾಗಿ ಅಕ್ಕಿ ಗಿರಣಿಯ ಬಾಯ್ಲರಿನಿಂದ ತೆಗೆದ ಬೂದಿ ಎಲ್ಲ ದಿನವೂ ಒಂದೇ ತೆರನಾಗಿರುವುದಿಲ್ಲ.

ಕರ್ನಾಟಕದಲ್ಲಿ ಭತ್ತದ ಹೊಟ್ಟು, ಎಣ್ಣೆಬೀಜ ಎರಡೂ ಇವೆ. ಗಂಗಾವತಿ, ಸಿಂಧನೂರು ಕಡೆಯ ಗಿರಣಿಗಳಲ್ಲಿ ಹೊಟ್ಟಿಗೆ ಬರವಿಲ್ಲ. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ 2007ರಿಂದ ಹೊಂಗೆ, ಬೇವು, ಹಿಪ್ಪೆ ಬೀಜಗಳ ಇಂಧನವನ್ನು ಪ್ರಚಾರ ಮಾಡುತ್ತ ಬಂದಿದೆ. ಹೊಂಗೆ ಎಣ್ಣೆ ಹಳೆಯದಾದಷ್ಟೂ ಅದರ ಬಿಡಿ ಕೊಬ್ಬಿನಾಮ್ಲ ಏರುತ್ತದೆ. ಅದನ್ನು ಆಮ್ಲದ ನೆರವಿನಿಂದ ಮೊದಲು ತಗ್ಗಿಸದೆ ಕ್ಷಾರ ಹಾಕಿದರೆ ಸಾಬೂನೇ ಹೆಚ್ಚು, ತೊಳೆತವೂ ಅಷ್ಟೇ ಕಷ್ಟ.

ಬೂದಿಗೂ ಮಿತಿಯಿದೆ. ಕ್ರಿಯೆ ಅರ್ಧಕ್ಕೆ ನಿಂತು ಉಳಿದ ಎಣ್ಣೆಯನ್ನು ಅದು ತೆಗೆಯಲಾರದು. ತುಸು ಇಂಧನವನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದರ ಸಣ್ಣ ಕಣಗಳನ್ನು ಪೂರ್ತಿ ಸೋಸದಿದ್ದರೆ ಅವೇ ಇಂಜೆಕ್ಟರನ್ನು ಸವೆಸುತ್ತವೆ. ಬಳಸಿದ ಮರದ ಹೊಟ್ಟನ್ನು ಒಲೆಗೆ ಹಾಕಬಹುದು. ಗ್ಲಿಸರಿನ್ ಹೀರಿದ ಬೂದಿಯನ್ನು ಮರುಬಳಕೆಗೆ ತರಬೇಕಾದರೆ ಮತ್ತೆ ಸುಡಬೇಕು, ಇಲ್ಲವೇ ಹೊಸ ಬೂದಿ ತರಬೇಕು. ಗಿರಣಿ ಹತ್ತಿರವಿದ್ದರೆ ಎರಡನೆಯದೇ ಅಗ್ಗ.